ಆರು ಜನರ ಚೌಕಿ

ಬೈಲಹೊಂಗಲದಲ್ಲಿ ಗಣಿತದ ಪದವಿ ಮುಗಿಸಿ ಸೈನ್ಯ ಸೇರಿದ ನಾನು ಬಂದೂಕು ಹಿಡಿದದ್ದಕ್ಕಿಂತ ಕಂಪ್ಯೂಟರಿನ ಮುಂದೆ ಕೂತದ್ದೇ ಹೆಚ್ಚು. ಕೊನೆಯ ಕೆಲವು ವರ್ಷ ಹಿಮದ ಗಡಿಯ ಕೆಳಗಿನ ಒಂದು ಸರಬರಾಜು ಕಚೇರಿಯಲ್ಲಿದ್ದೆ. ಚಳಿಗಾಲದಲ್ಲಿ ಮೇಲಿನ ಚೌಕಿಗಳಿಗೆ ದಾರಿ ಇರುವುದಿಲ್ಲ. ಸೀಮೆಎಣ್ಣೆ, ಹಿಟ್ಟು, ಔಷಧಿ ಎಲ್ಲವೂ ಹೆಲಿಕಾಪ್ಟರಿನಲ್ಲೇ ಹೋಗಬೇಕು. ಹೆಲಿಕಾಪ್ಟರ್ ಎರಡು, ಚೌಕಿ ಹದಿನಾಲ್ಕು. ಹಾರಲು ಹವೆ ಬಿಡುತ್ತಿದ್ದದ್ದು ದಿನಕ್ಕೆ ಒಂದೆರಡು ತಾಸು.

ಯಾವ ಚೌಕಿಗೆ ಮೊದಲು ಎಂಬುದನ್ನು ಹುಡುಕಲು ಒಂದು ಪ್ರೋಗ್ರಾಂ ಇತ್ತು. ಎಲ್ಲಿ ಎಷ್ಟು ಜನ, ಎಷ್ಟು ಎಣ್ಣೆ ಉಳಿದಿದೆ ಎಂದು ನಾನು ತುಂಬುತ್ತಿದ್ದೆ. ಒಟ್ಟಾರೆ ಅತಿ ಕಡಿಮೆ ಜನರಿಗೆ ತೊಂದರೆಯಾಗುವಂಥ ಸರದಿಯನ್ನು ಅದು ಕೊಡುತ್ತಿತ್ತು. ಸಾಹೇಬರು ಸಹಿ ಹಾಕುತ್ತಿದ್ದರು.

ಅತಿ ಎತ್ತರದ ಚೌಕಿಯಲ್ಲಿ ಆರೇ ಜನ. ಅವರಲ್ಲೊಬ್ಬ ರಾಮದುರ್ಗ ತಾಲೂಕಿನ ಸಾಲಹಳ್ಳಿಯವನು. ದಿನದ ವರದಿ ಕೊಡಲು ಫೋನಿಗೆ ಬಂದಾಗ ಕೊನೆಗೆರಡು ಮಾತು ಕನ್ನಡದಲ್ಲಿ ಆಡದೆ ಇಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಕೆಮ್ಮುತ್ತಲೇ ಹೇಳಿದ: “ಅಣ್ಣಾ, ಎಣ್ಣಿ ಡಬ್ಬಿ ಒಂದು ಸೋರಿ ಹೋಗೇತಿ. ಎರಡ ದಿನಕ್ಕ ಆಗೂವಷ್ಟ ಐತಿ.”

“ಕೆಮ್ಮ ಯಾಕೋ?”

“ಥಂಡಿಗೆ. ಕಡಿಮಿ ಆಗ್ತೈತಿ ತಗೋ.”

ಅಂಕಿ ತಿದ್ದಿ ಮತ್ತೊಮ್ಮೆ ಲೆಕ್ಕ ಮಾಡಿಸಿದೆ. ಇಪ್ಪತ್ತೊಂದು ಜನರಿದ್ದ ಇನ್ನೊಂದು ಚೌಕಿಯಲ್ಲೂ ಎಣ್ಣೆ ತೀರುತ್ತಿತ್ತು. ಅದಕ್ಕೇ ಮೊದಲು ಎಂಬ ಸರದಿ ಬದಲಾಗಲಿಲ್ಲ. ಅವನ ಕೆಮ್ಮನ್ನು ತುಂಬಲು ಅದರಲ್ಲಿ ಜಾಗವಿರಲಿಲ್ಲ; ಸಾಹೇಬರಿಗೆ ಬಾಯಿಮಾತಿನಲ್ಲಾದರೂ ಹೇಳಬಹುದಿತ್ತು, ಹೇಳಲಿಲ್ಲ. ಅಂದು ಎರಡೂ ಹೆಲಿಕಾಪ್ಟರ್ ಆ ದೊಡ್ಡ ಚೌಕಿಗೆ ಹೋಗಿಬರುವಷ್ಟರಲ್ಲಿ ಹವೆ ಕೆಟ್ಟಿತು. ಹಿಮ ನಿಂತದ್ದು ನಾಲ್ಕನೆಯ ದಿನ. ಹೆಲಿಕಾಪ್ಟರ್ ಐವರನ್ನು ಜೀವಂತ ಇಳಿಸಿತು. ಆರನೆಯವನು ಆ ಸಾಲಹಳ್ಳಿಯವನು; ಎದೆಯಲ್ಲಿ ನೀರು ತುಂಬಿತ್ತಂತೆ.

ಜನ ಎಷ್ಟೇ ಇರಲಿ, ಪ್ರತಿ ಚೌಕಿಗೂ ಇಷ್ಟು ಎಣ್ಣೆ ಮೊದಲು ಮುಟ್ಟಲೇಬೇಕೆಂಬ ನಿಯಮ ಸೇರಿಸೋಣವೆಂದು ಆಮೇಲೆ ಸಾಹೇಬರನ್ನು ಕೇಳಿದೆ. ಒಪ್ಪಿದರು. ಮರುವರ್ಷ ದೊಡ್ಡ ಚೌಕಿಗಳಲ್ಲಿ ಒಲೆ ಬೇಗ ಆರತೊಡಗಿತು. ಅಲ್ಲಿ ಇಬ್ಬರು ಕಾಲ್ಬೆರಳು ಕಳೆದುಕೊಂಡರು.

ನಿವೃತ್ತನಾಗಿ ಊರಿಗೆ ಬಂದ ಮೇಲೆ ಸಾಲಹಳ್ಳಿಗೆ ಹೋದೆ. ತಾಯಿ ತೀರಿದ ಮೇಲೆ ಅವನನ್ನು ಸಾಕಿದ ಅಕ್ಕ ಅಲ್ಲಿದ್ದಳು. ನಾನು ಯಾರೆಂದು ಹೇಳಿದಾಗ ಚಾಪೆ ಹಾಸಿ ಕೂರಿಸಿದಳು.

“ಇಮಾನ ಯಾಕ ಹೋಗಲಿಲ್ಲರಿ ಅಣ್ಣಾರ?”

ಹವೆ ಕೆಟ್ಟಿತ್ತು ಎಂದಿದ್ದರೆ ಸುಳ್ಳಾಗುತ್ತಿರಲಿಲ್ಲ. ಆದರೂ ಹೇಳಿದೆ: “ಮೊದಲ ಬ್ಯಾರೆ ಕಡೆ ಹೋತ್ರೀ ಅಕ್ಕಾರ. ಆ ಸರದಿ ಹಚ್ಚಿದಾಂವ ನಾನ.”

ಆಕೆ ಚಾಪೆಯ ಅಂಚಿಗೆ ಬಂದು ಕೂತಳು.

“ಅಲ್ಲೆ ಎಷ್ಟ ಮಂದಿ ಇದ್ರು?”

“ಇಪ್ಪತ್ತೊಂದು.”

“ಅವ್ರೆಲ್ಲಾರೂ ಮನಿಗಿ ಬಂದ್ರೇನ್ರಿ?”

“ಬಂದ್ರು.”

“ಹಂಗಾರ ನಿಮ್ಮ ಲೆಕ್ಕ ತಪ್ಪಿಲ್ಲ ಬಿಡ್ರಿ,” ಎಂದಳು. ಸಿಟ್ಟಿನಿಂದಲ್ಲ. ಎದ್ದು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಚಹಾ ತಂದುಕೊಟ್ಟದ್ದು ಆಕೆಯ ಗಂಡ. ಅವರೇ ಬಸ್ಸಿನವರೆಗೆ ಬಂದರು. “ಮತ್ತ ಬರ್ರಿ,” ಎಂದರು. ಮತ್ತೆ ಹೋಗಲು ನನಗೆ ಇದುವರೆಗೂ ಆಗಿಲ್ಲ.