ಕುರಿರೊಪ್ಪದಲ್ಲಿ ಮಕ್ಕಳನ್ನು ಬಚ್ಚಿಟ್ಟವಳು

ನಾಗರತ್ನ ಟೀಚರ್ ಹೋಗಿಬಿಟ್ಟರಂತೆ...
ಬೆಳಿಗ್ಗೆ ಫೋನ್ ಮಾಡಿದವರನ್ನು "ಯಾವ ನಾಗರತ್ನ?" ಅಂತ ಮೂರು ಸಲ ಕೇಳಿದೆ.
ಗೊತ್ತಿದ್ದೇ ಕೇಳಿದೆ...
ಸ್ಕೂಲಿಗೆ ಹೊರಡಲು ಚಪ್ಪಲಿ ಮೆಟ್ಟುವಾಗ ಎದೆ ಹಿಡಿದುಕೊಂಡು ಕುಸಿದಳಂತೆ. ಅಷ್ಟೇ.
ನಿನ್ನೆ ಸಂಜೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಜೊತೆ ಕಡಲೆಕಾಯಿ ತಿಂದ ನಮ್ಮ ರತ್ನ...

ಗೆಳೆಯರೇ, ಎಲ್ಲರೂ ಅವಳನ್ನು ಹೊಗಳಿ ಪೋಸ್ಟ್ ಹಾಕುತ್ತಿದ್ದೀರಿ.
ನಾನು ಬೇರೆಯದನ್ನು ಹೇಳಬೇಕು...
ನನಗೆ ಅವಳ ಮೇಲೆ ಹೊಟ್ಟೆಕಿಚ್ಚು.
ಇತ್ತು ಅಂತಲ್ಲ. ಈಗಲೂ ಇದೆ.

ಕೊಡಿಗೇನಹಳ್ಳಿಯ ಶಾಲೆಗೆ ನಾವಿಬ್ಬರೂ ಒಂದೇ ದಿನ ಡ್ಯೂಟಿಗೆ ಸೇರಿದವರು.
ನಾನು ಆಗಲೇ ಮಕ್ಕಳ ಕತೆ ಬರೆಯುತ್ತಿದ್ದೆ. ಆಮೇಲೆ ಆರು ಪುಸ್ತಕ, ಶಾಲು, ಸನ್ಮಾನ...
ಅವಳು ಕುರಿ ಸಾಕುವ ಮನೆಯ ಹುಡುಗಿ. ಅಲ್ಲಿಯವರೆಗೆ ಒಂದು ಸಾಲೂ ಬರೆದವಳಲ್ಲ.

ಒಂದು ದಿನ ಅವಳ ಸಮಾಜದ ಪಾಠದಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಯಹೂದಿಗಳನ್ನು ಹುಡುಕಿ ಹುಡುಕಿ ಕೊಂದರು ಎಂಬ ಮಾತು ಬಂತು.
ಒಬ್ಬ ಹುಡುಗಿ ಕೇಳಿದಳಂತೆ...
"ಮಿಸ್, ಅವ್ರ ಮಕ್ಳು ಎಲ್ ಬಚ್ಚಿಟ್ಕಂಡ್ರು?"
ರತ್ನ ಉತ್ತರ ಹುಡುಕಲು ಹೊರಟಳು.
ಎರಡು ವರ್ಷ ಸಿಕ್ಕಿದ್ದನ್ನೆಲ್ಲ ಓದಿದಳು. ಆಮೇಲೆ ಮಕ್ಕಳಿಗೊಂದು ಕತೆ ಬರೆದಳು.

ಮಿರಿಯಂ ಎಂಬ ಯಹೂದಿ ಹುಡುಗಿ, ಅವಳ ಪುಟ್ಟ ತಮ್ಮ...
ಅಪ್ಪನನ್ನು ಹಿಡಿದೊಯ್ದಿದ್ದಾರೆ. ಅಮ್ಮ ಇಬ್ಬರನ್ನೂ ಒಬ್ಬ ರೈತ ಹೆಂಗಸಿನ ಕೈಗೆ ಒಪ್ಪಿಸಿ ಹೋಗುತ್ತಾಳೆ.
ಆಕೆ ಅವರನ್ನು ಕುರಿ ಕೂಡುವ ರೊಪ್ಪದಲ್ಲಿ, ಹುಲ್ಲಿನ ಹಿಂದೆ ಬಚ್ಚಿಡುತ್ತಾಳೆ.
ಸೈನಿಕರು ಬಂದ ಹೊತ್ತಿಗೇ ತಮ್ಮನಿಗೆ ಕೆಮ್ಮು...
ಸೈನಿಕ ತಿರುಗಿ ನೋಡುತ್ತಾನೆ.
ಆಗ ಒಂದು ಕುರಿ ಕೆಮ್ಮುತ್ತದೆ. ಆಮೇಲೆ ಇನ್ನೊಂದು.

ಹಸ್ತಪ್ರತಿ ಓದುತ್ತಿದ್ದವಳು ಅಲ್ಲಿಗೆ ನಿಂತುಬಿಟ್ಟೆ.
"ಇದೆಲ್ಲಿ ಸಿಕ್ತು ನಿಂಗೆ?" ಅಂದೆ.
"ಸಿಗದೇನ್ ಬಂತು? ನಮ್ ಕುರಿ ಕೆಮ್ಮಲ್ವಾ? ಥೇಟ್ ಮನುಷ್ರಂಗೇ ಕೆಮ್ತವೆ ಕಣೆ" ಅಂದಳು.
ಆರು ಪುಸ್ತಕ ಬರೆದರೂ ನನಗೆ ಅಂಥದ್ದೊಂದು ಸಾಲು ಸಿಕ್ಕಿರಲಿಲ್ಲ...
ಮುಂದಕ್ಕೆ ಓದಲಿಲ್ಲ. "ಚೆನ್ನಾಗಿದೆ" ಅಂತ ವಾಪಸ್ ಕೊಟ್ಟೆ.

ರತ್ನಾ... ಇನ್ನು ನಿನ್ನ ಹತ್ತಿರವೇ ಹೇಳುತ್ತೇನೆ.
ಶಾಲೆಗಳಿಗೆ ಪುಸ್ತಕ ಆರಿಸುವ ಕಮಿಟಿಯಲ್ಲಿ ನಾನಿದ್ದೆ. ಅಚ್ಚಾದ ನಿನ್ನ ಪುಸ್ತಕ ಟೇಬಲ್ಲಿಗೆ ಬಂತು.
"ಯಹೂದಿಗಳ ಕತೆ ನಮ್ಮ ಕಡೆ ಮಕ್ಕಳಿಗೆ ಅರ್ಥ ಆಗಲ್ಲ" ಅಂದವಳು ನಾನೇ.
ಯಾರೂ ಎದುರಾಡಲಿಲ್ಲ. ಪಕ್ಕಕ್ಕಿಟ್ಟರು.
ಸಂಜೆ ಬಸ್ಸಿನಲ್ಲಿ ನಿನ್ನ ಪಕ್ಕದಲ್ಲೇ ಕೂತು ಮನೆಗೆ ಬಂದೆ...

ಹೋದ ವರ್ಷ ಪಾವಗಡದ ಕಡೆ, ಬಲಸಮುದ್ರದ ಶಾಲೆಗೆ ಅತಿಥಿಯಾಗಿ ಹೋದೆ. ನನ್ನ ಕತೆ ಓದಿದೆ. ಚಪ್ಪಾಳೆಯೂ ಬಂತು.
ಪ್ರಶ್ನೆ ಕೇಳಿ ಅಂದಾಗ ಒಬ್ಬ ಹುಡುಗಿ ಎದ್ದಳು.
"ಮಿಸ್, ನೀವು ರತ್ನ ಮಿಸ್ ಫ್ರೆಂಡಂತೆ. ಮಿರಿಯಂ ಅವರಮ್ಮ ಮಳ್ಳಿ ಬರ್ತಾಳಾ?"
ಮಳ್ಳಿ ಅಂದರೆ ಅಲ್ಲಿನವರ ಬಾಯಲ್ಲಿ ‘ಮತ್ತೆ’.
ಅವರ ಮೇಷ್ಟ್ರು ನಿನ್ನ ಪುಸ್ತಕ ತರಿಸಿಕೊಂಡು ದಿನಕ್ಕೊಂದು ಅಧ್ಯಾಯ ಓದುತ್ತಿದ್ದರಂತೆ. ಕೊನೆ ಇನ್ನೂ ಬಂದಿರಲಿಲ್ಲ.
ಇಡೀ ಕ್ಲಾಸು ನನ್ನ ಮುಖವನ್ನೇ ನೋಡುತ್ತಿತ್ತು...
ನನಗೆ ಗೊತ್ತಿರಲಿಲ್ಲ. ಕೊನೆ ಓದದೆಯೇ ಬೇಡ ಅಂದವಳು ನಾನು.

ಬಸ್‌ಸ್ಟಾಪಿನಿಂದ ನಿನಗೆ ಫೋನ್ ಮಾಡಿದೆ. ಕಮಿಟಿಯದ್ದೂ, ಪೂರ್ತಿ ಓದದೇ ಇದ್ದದ್ದೂ ಹೇಳಿಬಿಟ್ಟೆ.
ನೀನು ಅಂದೆ...
"ಕಮಿಟಿದು ಅವತ್ತೇ ಗೊತ್ತಾಯ್ತು ಮಂಜುಳಾ. ಬೇಜಾರಾಗಿತ್ತು. ಆದ್ರೆ ಓದ್ದಲೇ ಹೇಳ್ಬುಟ್ಟೆ ಅಂತ ಗೊತ್ತಿರ್ಲಿಲ್ಲ. ಅದು ತಪ್ಪು ಕಣೆ."
"ಅವರಮ್ಮ ಬರ್ತಾಳಾ ರತ್ನ?"
"ಇಲ್ಲ. ಬರ್ತಾಳೆ ಅಂತ್ಲೇ ಬರ್ದಿದ್ದೆ, ಆಮೇಲ್ ಹೊಡ್ದಾಕ್ದೆ. ಆ ಮಕ್ಳಲ್ಲಿ ಎಷ್ಟೋ ಜನಕ್ಕೆ ಅಮ್ಮ ಬರ್ಲೇ ಇಲ್ಲ. ನಮ್ ಮಕ್ಳಿಗೆ ಸುಳ್ ಹೆಂಗ್ ಹೇಳಾದು?"

ಮುಂದಿನ ಕಮಿಟಿಯಲ್ಲಿ, ಓದದೆ ತಳ್ಳಿದ್ದೆ ಅಂತ ಎಲ್ಲರೆದುರು ಒಪ್ಪಿಕೊಂಡೆ.
ಈ ವರ್ಷ ಸಿರಾ, ಕೊರಟಗೆರೆಯ ಶಾಲೆಗಳಿಗೂ ನಿನ್ನ ಪುಸ್ತಕ ಹೋಯಿತು.
ಅದನ್ನು ನೋಡಿಕೊಂಡು ಹೋದೆಯಲ್ಲ... ಅಷ್ಟೇ ಸಮಾಧಾನ.

ಇವತ್ತು ಮಧ್ಯಾಹ್ನ ನಿನ್ನ ಮನೆ ಮುಂದೆ ನಾಲ್ಕಾರು ಊರಿನ ಮಕ್ಕಳು ಯೂನಿಫಾರ್ಮಿನಲ್ಲೇ ಬಂದು ಸಾಲು ನಿಂತಿದ್ದರು.
ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾನೂ ಅತ್ತೆ...
ಅಳುತ್ತಲೇ, ನಾನು ಹೋದರೆ ಇಷ್ಟು ಮಕ್ಕಳು ಬರುತ್ತಾರಾ ಅಂತ ಯೋಚಿಸಿದೆ.
ನೋಡು, ಹೆಣದ ಮುಂದೆ ನಿಂತೂ ನಿನ್ನ ಮೇಲೆ ಕರುಬಿದೆ...
ಈ ಉರಿ ನನ್ನ ಜೊತೆಗೇ ಇರಲಿ. ಅದು ನನ್ನದು.

ನೀನು ಹಗುರಾಗಿ ಹೋಗು ರತ್ನಾ...
ಎಲ್ಲಿದ್ದರೂ ನಿನ್ನ ಜೀವ ತಣ್ಣಗಿರಲಿ.