ಅತ್ತೆ ಸೋಸಿದ ವಿಭೂತಿ

ಅತ್ತೆಯ ಬೆರಳ ಸಂದುಗಳು ಸದಾ ಬೆಳ್ಳಗಿರುತ್ತಿದ್ದವು. ನೀರಿನಲ್ಲಿ ನೆನೆದು ಉಬ್ಬಿದ ಅವಲಕ್ಕಿಯ ಬಿಳುಪು. ಗೆಣ್ಣುಗಳ ಮೇಲೆ ಚರ್ಮ ಬಿರಿದು, ಬಿರುಕಿನೊಳಗೆ ಕೆಂಪು ಕಾಣುತ್ತಿತ್ತು. ಅವಳು ತೀರಿಕೊಂಡ ಮೇಲೆ, ಶಿವಗಣಾರಾಧನೆಯ ದಿನ ಮೈಕ್ ಹಿಡಿದ ಹಿರಿಯರೊಬ್ಬರು, "ಆ ತಾಯಿಯ ಕೈ ನೋಡಿದ್ರಾ ನೀವು? ವಿಭೂತಿ ಮಾಡೀ ಮಾಡೀ ಕೈಯೇ ವಿಭೂತಿ ಆಗಿತ್ತು" ಎಂದರು. ಪೆಂಡಾಲಿನ ತುಂಬ ಜನ ತಲೆದೂಗಿದರು.

ಬೂದಿ ನೀರು ಕೈಯನ್ನು ಒಣಗಿಸುತ್ತದೆ, ಒಪ್ಪಿದೆ. ಆದರೆ ಮಳೆಗಾಲದಲ್ಲಿ ಬಿಸಿಲಿಲ್ಲದೆ ವಿಭೂತಿ ಕೆಲಸ ನಿಂತೇ ಹೋಗಿರುತ್ತಿತ್ತಲ್ಲ, ಆಗಲೂ ಆ ಕೈ ಹಾಗೇ ಇತ್ತು, ಯಾಕೆ? ಈ ಪ್ರಶ್ನೆಯನ್ನು ಪೆಂಡಾಲಿನಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ಬಟ್ಟೆ ಸೋಪಿನ ವಿಷಯ ಬರುತ್ತಿತ್ತು, ಸೋಪಿನ ಹಿಂದೆ ಕಾಯಿಲೆಯ ವಿಷಯ ಬರುತ್ತಿತ್ತು, ಊಟದ ಎಲೆ ಹಾಕುವುದು ತಡವಾಗುತ್ತಿತ್ತು.

ಅತ್ತೆ ನನ್ನ ಅಪ್ಪನ ಅಕ್ಕ. ನಾವು ಅಜ್ಜಂಪುರದವರು, ಅವಳನ್ನು ಕೊಟ್ಟದ್ದು ಶಿವನಿ ಎಂಬ ಊರಿಗೆ, ರೈಲ್ವೆ ಸ್ಟೇಷನ್ನಿಗೆ ಹತ್ತಿರದ ಮನೆಗೆ. ಮಠಕ್ಕೆ ವಿಭೂತಿ ಮಾಡಿಕೊಡುವುದು ಆ ಮನೆಯ ಹಳೆಯ ಸೇವೆ. ಬೆರಣಿ ಸುಟ್ಟ ಬೂದಿಯನ್ನು ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ಗಸಿಯನ್ನು ಗಟ್ಟಿ ಕಟ್ಟಿ ಬಿಸಿಲಿಗಿಡಬೇಕು. ಎರಡು ಮೂರು ಸಲ ಸೋಸಿದರೆ ಧಾರಾಳ. ಅತ್ತೆ ಒಂದೇ ಕೊಳಗದ ನೀರನ್ನು ಬೆಳಗಿನಿಂದ ಸಂಜೆಯವರೆಗೆ ಸೋಸುತ್ತಿದ್ದಳು. ಸೋಸುವ ಮುಂಚೆ ಕೈ ತೊಳೆಯಬೇಕು, ಕೈ ತೊಳೆದ ನಲ್ಲಿಯನ್ನು ತೊಳೆಯಬೇಕು, ನಲ್ಲಿ ಮುಟ್ಟಿದ್ದಕ್ಕೆ ಮತ್ತೆ ಕೈ ತೊಳೆಯಬೇಕು. ವಿಭೂತಿ ಹಾಲಿನಂತೆ ಬರುತ್ತಿತ್ತು. ಹುಟ್ಟಿಗೆ, ಸಾವಿಗೆ, ಮುಟ್ಟಿಗೆ ನಮ್ಮಲ್ಲಿ ಸೂತಕವಿಲ್ಲ ಎಂದು ವೇದಿಕೆ ಸಿಕ್ಕಾಗಲೆಲ್ಲ ಎದೆಯುಬ್ಬಿಸುವ ಜನ ನಾವು. ಅದೇ ಜನ, ನಲ್ಲಿಯನ್ನೂ ಸೋಪು ಹಾಕಿ ತಿಕ್ಕುವ ಹೆಂಗಸನ್ನು ತಮ್ಮ ಸೊಸೆಯರಿಗೆ ತೋರಿಸಿ, "ಶುದ್ಧ ಅಂದ್ರೆ ಹಿಂಗಿರ್ಬೇಕು" ಅನ್ನುತ್ತಿದ್ದರು.

ಸೋಸುವಾಗ ಅವಳದು ಒಂದೇ ಪ್ರಶ್ನೆ. "ಏನೂ ಬಿದ್ದಿಲ್ಲ ಅಲ್ವಾ?" ಮಾವ ಅಂಗಳದಲ್ಲಿ ಕೂತು ಉತ್ತರ ಕೊಡುತ್ತಿದ್ದರು. "ಇಲ್ಲ ಕಣೇ, ನೋಡಿದೀನಿ." ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಎದುರು ಪಕ್ಷಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಿಯೇ ಮುಂದೆ ಹೋಗಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ಕಲಿತವಳು ನಾನು, ಅದಕ್ಕೆ ಹೇಳುತ್ತೇನೆ: ವರ್ಷಗಟ್ಟಲೆ ಆ ಮನುಷ್ಯ ರೇಗಲಿಲ್ಲ. ನೀರು ಸೇದಿ ಕೊಟ್ಟರು, ಸೋಪು ತಂದು ಕೊಟ್ಟರು, ಉತ್ತರ ಕೊಟ್ಟರು.

ಒಮ್ಮೆ ಗೆಣ್ಣುಗಳು ಕೀವುಗಟ್ಟಿದಾಗ ನಾನೇ ಅವಳನ್ನು ರೈಲು ಹತ್ತಿಸಿ ಕಡೂರಿನ ಚರ್ಮದ ಡಾಕ್ಟರ ಹತ್ತಿರ ಕರೆದೊಯ್ದೆ. ಅಲ್ಲಿ ಪಟ್ಟಿ ಕಟ್ಟುತ್ತಿದ್ದ ನರ್ಸ್, "ತೊಳೀದಿದ್ರೆ ಏನಾಗ್ತದೆ ಅನ್ಸುತ್ತಮ್ಮಾ?" ಎಂದು ಕೇಳಿದರು. ನಮ್ಮ ಮನೆಯಲ್ಲಿ ಯಾರೂ ಕೇಳದೇ ಇದ್ದ ಪ್ರಶ್ನೆ.

ಅತ್ತೆ ನೆಲ ನೋಡುತ್ತಾ ಹೇಳಿದಳು. "ಹಲ್ಲಿ ಬಿದ್ದಿರ್ತದೆ. ವಿಷ ಆಗಿರ್ತದೆ. ಅದನ್ನ ಯಾವುದೋ ಕೂಸಿನ ಹಣೆಗೆ ಹಚ್ತಾರೆ. ಕೂಸು ಸತ್ತೋಗ್ತದೆ. ನಾನೇ ಕೊಂದಂಗಲ್ವಾ? ಭಕ್ತಿಗಿಕ್ತಿ ಏನಿಲ್ಲ ಸಿಸ್ಟರ್. ಹೆದ್ರಿಕೆ."

ನರ್ಸ್ ಪಟ್ಟಿ ಬಿಗಿದರು. "ನಂಗೂ ಇತ್ತು. ಗ್ಯಾಸ್ ಆಫ್ ಮಾಡಿದೀನೋ ಇಲ್ವೋ ಅಂತ ಡ್ಯೂಟಿ ಬಿಟ್ಟು ಮನೆಗೋಡ್ತಿದ್ದೆ. ಗೀಳು ರೋಗ ಅಂತಾರೆ, ಒಸಿಡಿ. ಇದಕ್ಕೆ ಮಾತ್ರೆನೂ ಐತೆ, ಅಭ್ಯಾಸನೂ ಐತೆ. ಭಾನುವಾರ ನಾವೊಂದಿಷ್ಟು ಜನ ಸೇರ್ತೀವಿ, ಬನ್ನಿ."

"ನೀನೂ ಬಾರೇ ಲಾಯರಮ್ಮ" ಎಂದಳು ಅತ್ತೆ. "ಅವ್ರು ಮೋಸಗಾರ್ರಾದ್ರೆ ನೀನು ಬಾಯಿ ಮಾಡು, ನಾನು ಚಪ್ಪಲಿ ಹಾಕ್ಕೊಂಡಿರ್ತೀನಿ."

ಸೇರುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹಿಂದಿನ ಒಂದು ಟ್ಯೂಷನ್ ಕೋಣೆಯಲ್ಲಿ. ನಾನು ಬಾಯಿ ಮಾಡಲೆಂದೇ ಹೋದವಳು. ಕಾಯಿಲೆಯವರ ಮನೆಯವರಿಗೆ ನರ್ಸ್ ಹೇಳಿದ ಮೊದಲ ಪಾಠಕ್ಕೇ ಎದ್ದು ನಿಂತೆ. ಅವರ ಪಾಠ ಇಷ್ಟು: ಈ ಕಾಯಿಲೆ ಸಮಾಧಾನದ ಮಾತು ತಿಂದು ಬದುಕುತ್ತದೆ, ಹೇಳಿದಷ್ಟೂ ಮತ್ತೆ ಹಸಿಯುತ್ತದೆ, ಆದ್ದರಿಂದ "ಏನೂ ಬಿದ್ದಿಲ್ಲ ಅಲ್ವಾ" ಎಂದು ಕೇಳಿದರೆ "ಗೊತ್ತಿಲ್ಲ" ಅನ್ನಿ, ಸುಮ್ಮನಾಗಿ.

"ನರಳ್ತಿರೋರಿಗೆ ಉತ್ತರ ಕೊಡದೆ ಇರೋದು ಕ್ರೌರ್ಯ ಅಲ್ವಾ?" ಎಂದೆ.

"ಕ್ರೌರ್ಯನೇ" ಎಂದರು. "ಒಂದಷ್ಟು ದಿನ. ನೀವು ಕೊಡ್ತಾ ಇರೋ ಉತ್ತರ ಜನ್ಮಪೂರ್ತಿ ಕ್ರೌರ್ಯ."

ನಾನು ಕೂತೆ. ಸಾಮಾನ್ಯವಾಗಿ ನಾನು ಕೂರುವುದಿಲ್ಲ.

ಅಲ್ಲೊಬ್ಬ ಬಸ್ ಡ್ರೈವರ್ ಇದ್ದ. "ಹಂಪ್ ಹತ್ತಿದ್ರೆ ಯಾರ ಮೇಲೋ ಹತ್ತಿಸ್ದಂಗೆ ಅನ್ಸೋದು ಕಣ್ರೀ. ಇಳಿದು ನೋಡೋನು. ಪಂಚನಹಳ್ಳಿ ಮುಟ್ಟೋ ಹೊತ್ಗೆ ಪ್ಯಾಸೆಂಜರೆಲ್ಲ ನಡ್ಕೊಂಡೇ ಮನೆ ಸೇರಿರೋರು" ಎಂದ. ಕೋಣೆಯೆಲ್ಲ ನಕ್ಕಿತು. ಅತ್ತೆ ಸೆರಗು ಬಾಯಿಗಿಟ್ಟು ನಕ್ಕಳು. ಅದೇ ಕೈ ಬಾಯಿಗೆ ಹೋಗಿದೆ, ತೊಳೆದಿಲ್ಲ ಎಂಬುದು ಅವಳಿಗೆ ಆಮೇಲೆ ಹೊಳೆಯಿತು.

ಮನೋವೈದ್ಯರ ಮಾತ್ರೆ ಶುರುವಾಯಿತು. ಭಾನುವಾರದ ಕೋಣೆಯಲ್ಲಿ ಹೇಳಿಕೊಟ್ಟ ಅಭ್ಯಾಸವೂ ಶುರುವಾಯಿತು: ಹೆದರಿಕೆ ಹುಟ್ಟಿಸುವುದನ್ನು ಸ್ವಲ್ಪ ಸ್ವಲ್ಪವಾಗಿ ಮುಟ್ಟಬೇಕು, ಮುಟ್ಟಿದ ಮೇಲೆ ತೊಳೆಯದೆ ಕೂರಬೇಕು, ಹೆದರಿಕೆ ತಾನಾಗಿ ಇಳಿಯುವವರೆಗೆ. ಒಂದು ಸಂಜೆ ಶಿವನಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವಳು ಎರಡೂ ಅಂಗೈ ಒತ್ತಿ ಕೂತಳು, ಆಮೇಲೆ ಅದೇ ಕೈಯಲ್ಲಿ ಮಂಡಕ್ಕಿ ತಿಂದಳು. ಒಂದೊಂದು ತುತ್ತಿಗೂ ಕಣ್ಣಲ್ಲಿ ನೀರು. "ಏನಾಗಲ್ಲ ಅಲ್ವೇನೇ?" ಎಂದಳು. "ಗೊತ್ತಿಲ್ಲ ಅತ್ತೆ" ಎಂದೆ. ಇಡೀ ಬದುಕಿನ ಚರ್ಚೆಗಳಲ್ಲಿ ನಾನು ಹೇಳಿದ ಅತ್ಯಂತ ಕಷ್ಟದ ಮಾತು ಅದು. ಒಂದು ಗೂಡ್ಸ್ ಗಾಡಿ ಹೋಯಿತು. ಬಹಳ ಹೊತ್ತಿನ ಮೇಲೆ, "ಇಳೀತು ಕಣೇ" ಎಂದಳು, ಜ್ವರ ಬಿಟ್ಟವರ ದನಿಯಲ್ಲಿ.

ಆಮೇಲಿನ ತಿಂಗಳುಗಳ ಅತ್ತೆಯನ್ನು ಪೆಂಡಾಲಿನ ಜನ ನೆನೆಯಲೇ ಇಲ್ಲ. ತರೀಕೆರೆಯಲ್ಲೊಬ್ಬಳು ಬಾಣಂತಿ, ಎರೆಯುವಾಗ ನೀರಿನಲ್ಲಿ ಮುಳುಗಿಸಿಬಿಡುತ್ತೇನೆಂಬ ಯೋಚನೆ ಬಂದು ಮಗುವನ್ನೇ ಮುಟ್ಟುತ್ತಿರಲಿಲ್ಲ. ಮನೆಯವರು ಗಾಳಿ ಎಂದು ತಾಯಿತ ಕಟ್ಟಿಸಿದ್ದರು. ನರ್ಸ್ ಜೊತೆ ಅತ್ತೆ ಅಲ್ಲಿಗೆ ಹೋಗಿ ಚಾಪೆಯ ಮೇಲೆ ಕೂತು, "ನಂದೂ ಕೂಸು ಕೊಲ್ಲೋ ಯೋಚ್ನೆನೇ ಕಣವ್ವ, ನಾವಿಬ್ರೂ ಒಂದೇ ಜಾತಿ. ಭಾನುವಾರ ಕಡೂರಿಗೆ ಬಾ, ನಮ್ಮೋರು ಭಾಳ ಜನ ಅವ್ರೆ" ಎಂದಳು. ಆ ಹುಡುಗಿ ಬಂದಳು. ಈಗ ಮಗುವನ್ನು ಅವಳೇ ಎರೆಯುತ್ತಾಳೆ.

ಅಷ್ಟರಲ್ಲಿ ವಿಭೂತಿ ಬೂದುಬಣ್ಣಕ್ಕೆ ತಿರುಗಿತ್ತು. ಮೂರು ಸಲ ಸೋಸಿದ ವಿಭೂತಿ, ಎಲ್ಲರ ಮನೆಯ ವಿಭೂತಿಯ ಹಾಗೆ. ಮಠದ ಸೇವಾ ಸಮಿತಿಯವರೊಬ್ಬರು ಗಟ್ಟಿಯನ್ನು ಬೆಳಕಿಗೆ ಹಿಡಿದು, "ಯಾಕೋ ಮೊದಲಿನಂಗಿಲ್ಲ. ಅಕ್ಕಾರು ಶುದ್ಧ ಬಿಟ್ರಾ?" ಎಂದರು. ಮಾವ ಆ ಸಲ ಸಮಿತಿಗೆ ಸೇರುವವರಿದ್ದರು. ಮನೆಗೆ ಬಂದು, "ಹುಚ್ಚರ ಸಂಘ ಸೇರ್ಕೊಂಡು ಮನೆ ಮಾನ ಕಳೀತಿದೀಯ. ಬೇರೆ ಮನೆಗೆ ಕೊಡ್ತಾರಂತೆ ಸೇವೆನ" ಎಂದರು.

"ಕೊಡ್ಲಿ ಬಿಡಿ, ಅವ್ರ ಮನೇಲೂ ಬೆರಣಿ ಸುಟ್ರೆ ಬೂದಿನೇ ಆಗೋದು" ಎಂದಳು ಅತ್ತೆ. ಅವಳು ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಾವನ ಮುಖ ಸಣ್ಣದಾಯಿತು. ಅವಳು ಅವರನ್ನು ಏನೂ ಕೇಳದೆ ಎಷ್ಟೋ ದಿನವಾಗಿತ್ತು. ಅಂಗಳದಲ್ಲಿ ಅವರಿಗೆ ಕೆಲಸವೇ ಇರಲಿಲ್ಲ.

ಮುಂದಿನ ಸಲ ಅವಳು ಸೋಸಿ ಮುಗಿಸಿ, ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕಿದಳು. ನಾನು ಜಗಲಿಯ ಮೇಲಿದ್ದೆ. ಮಾವ ಹಗ್ಗದ ಹತ್ತಿರ ಹೋದರು, ಬಟ್ಟೆ ನೋಡಿದರು, ಮೆತ್ತಗೆ ಹೇಳಿದರು: "ಏನೋ ಬಿದ್ದಂಗಿತ್ತಲ್ಲೇ."

ಅಷ್ಟೇ. ಬಯ್ಗುಳವಿಲ್ಲ, ಹೊಡೆತವಿಲ್ಲ. ಅತ್ತೆ ಕೊಳಗವನ್ನು ಮತ್ತೆ ಎಳೆದುಕೊಂಡಳು. ನಾನು "ಅತ್ತೆ, ಬಿಡು" ಎಂದೆ. "ಒಂದೇ ಒಂದ್ಸಲ ಕಣೇ" ಎಂದಳು. ಕತ್ತಲಾಗುವವರೆಗೆ ಸೋಸಿದಳು. ಭಾನುವಾರ ರೈಲು ಹತ್ತಲಿಲ್ಲ. ಪ್ಲಾಟ್‌ಫಾರ್ಮ್ ಗಲೀಜು ಎಂದಳು. ಮಾತ್ರೆಯ ಡಬ್ಬಿಯನ್ನು ಮುಟ್ಟಿದರೆ ಡಬ್ಬಿಯನ್ನೂ ತೊಳೆಯಬೇಕಾಗುತ್ತಿತ್ತು, ಆದ್ದರಿಂದ ಅದನ್ನೂ ಬಿಟ್ಟಳು. ನರ್ಸ್ ಶಿವನಿಯ ಮನೆಗೇ ಬಂದರು. ಮಾವ ಕಾಫಿ ಕೊಟ್ಟು ಬಾಗಿಲಿನಿಂದಲೇ ಕಳಿಸಿದರು. ವಿಭೂತಿ ಮತ್ತೆ ಹಾಲಿನಂತಾಯಿತು. ಮಾವ ಸಮಿತಿ ಸೇರಿದರು. ಮಠದಲ್ಲಿ ಅತ್ತೆಗೆ ಶಾಲು ಹೊದಿಸಿದರು. ಮನೆಗೆ ಬಂದ ತಕ್ಷಣ ಅವಳು ಶಾಲನ್ನು ಒಗೆದಳು, ಮತ್ತೆ ಒಗೆದಳು. ಸುತ್ತಲಿನ ಹಳ್ಳಿಗಳ ಹಣೆಯ ಮೇಲೆಲ್ಲ ಇದ್ದದ್ದು ಅವಳ ಕಾಯಿಲೆ. ಅದನ್ನು ಬೆಳಗಾಗೆದ್ದು ಹಚ್ಚಿಕೊಂಡವರು ಅವಳಿಗೆ ವಾಸಿಯಾಗಲಿ ಎಂದು ಹೇಗೆ ಬಯಸಿಯಾರು?

ಕಳೆದ ಚಳಿಗಾಲದಲ್ಲಿ ಕೆಮ್ಮು ಎದೆಗಿಳಿದು ಆಸ್ಪತ್ರೆ ಸೇರಿದಳು, ಅಲ್ಲೇ ಹೋದಳು. ಗೀಳು ಕೊಂದಿತು ಎಂದು ನಾನು ಹೇಳುವುದಿಲ್ಲ, ನನ್ನಲ್ಲಿ ಸಾಕ್ಷ್ಯವಿಲ್ಲ. ಕೊನೆಯ ಸಲ ನೋಡಿದಾಗ ನನ್ನ ಕೈ ಹಿಡಿದುಕೊಂಡಳು, ತೊಳೆಯದ ನನ್ನ ಕೈಯನ್ನು, ಬಿಡಲಿಲ್ಲ. "ತರೀಕೆರೆ ಹುಡ್ಗಿನ ನೋಡ್ಕೊಳೇ ಲಾಯರಮ್ಮ. ಅವಳು ಕೇಳಿದ್ರೆ ಉತ್ತರ ಕೊಡ್ಬೇಡ" ಎಂದಳು. ಅದಕ್ಕೇ ಈಗಲೂ ಭಾನುವಾರ ಕಡೂರಿಗೆ ಹೋಗುತ್ತೇನೆ, "ಗೊತ್ತಿಲ್ಲ" ಅನ್ನುವುದನ್ನು ಹೊಸಬರ ಮನೆಯವರಿಗೆ ಹೇಳಿಕೊಡುತ್ತೇನೆ. ನನಗೆ ಮಾತ್ರ ಅದು ಇನ್ನೂ ಬಂದಿಲ್ಲ.

ಆರಾಧನೆಯ ಊಟ ಮುಗಿದು ಜನ ಚದುರಿದ ಮೇಲೆ ಮಾವ ಅಂಗಳದಲ್ಲಿ ತಮ್ಮ ಹಳೆಯ ಜಾಗದಲ್ಲಿ ಕೂತಿದ್ದರು. ಹಣೆಯ ಮೇಲೆ ಅವಳ ವಿಭೂತಿ, ಹಾಲಿನ ಹಾಗೆ. ಪಕ್ಕದಲ್ಲಿ ಹೋಗಿ ಕೂತು ಒಂದು ಪ್ರಶ್ನೆ ಕೇಳಿದೆ. ಅವರು ಎದ್ದು ನಲ್ಲಿಯ ಕಡೆ ಹೋದರು, ಬಹಳ ಹೊತ್ತು ಕೈ ತೊಳೆದರು. ಅವರಿಗೆ ಕೇಳಿಸದೆ ಹೋಗಿರಬಹುದು. ಅದಕ್ಕೇ ಇಲ್ಲಿ ಬರೆದು ಇನ್ನೊಮ್ಮೆ ಕೇಳುತ್ತಿದ್ದೇನೆ.

ಮಾವ, ಅವತ್ತು ಆ ಬಟ್ಟೆಯ ಮೇಲೆ ನೀವು ನಿಜವಾಗಿ ಏನಾದರೂ ನೋಡಿದ್ರಾ?