ಇವತ್ತು ನಿಮ್ಮ ಮನೇಲಿ ಏನಡುಗೆ?

“ಈ ದೇಶದ ಪರೀಕ್ಷೆ ನಿನ್ನ ಕೈಲಾಗಲ್ಲ ಬಿಡಮ್ಮ” ಎಂದು ಪ್ರಭು ಅಂಕಲ್ ಹೇಳಿದಾಗ ನನ್ನ ಮುಂದೆ ಒಂದು ತಟ್ಟೆ ಬಸವನಹುಳುಗಳಿದ್ದವು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಬೆಚ್ಚಿಬಿದ್ದೆನೋ ಇವತ್ತಿಗೂ ಹೇಳಲಾರೆ. ಎಪ್ಪತ್ತರ ದಶಕದ ಕೊನೆಯ ಮಾತು. ಅಂಕಲ್ ಬ್ರಿಸ್ಬೇನಿನ ಪಕ್ಕದ ಇಪ್ಸ್‌ವಿಚ್‌ನಲ್ಲಿ ಹೆಸರು ಮಾಡಿದ್ದ ಡಾಕ್ಟರು. ಫೇಲಾದ ನನ್ನನ್ನು ಸಮಾಧಾನಪಡಿಸಲೆಂದು ಬ್ರಿಸ್ಬೇನಿನ ಒಂದು ಫ್ರೆಂಚ್ ಹೋಟೆಲಿಗೆ ಕರೆದೊಯ್ದಿದ್ದರು. ಊಟದ ಪಟ್ಟಿ ಪೂರ್ತಿ ಫ್ರೆಂಚಿನಲ್ಲಿತ್ತು. ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟೆ. ಬಂದವು, ಚಿಪ್ಪಿನ ಸಮೇತ.

ಹಾಸನದಲ್ಲಿ ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದವರ ಮಗಳು ನಾನು. ನಮ್ಮ ವಂಶದಲ್ಲಿ ಕಾಲೇಜಿನ ಗೇಟು ದಾಟಿದ ಮೊದಲ ಪ್ರಾಣಿ. ಮೈಸೂರಿನಲ್ಲಿ ಎಂಬಿಬಿಎಸ್ ಮಾಡಿದ್ದರೂ ಇಲ್ಲಿಯ ಪರೀಕ್ಷೆ ಪಾಸಾಗದೆ ಯಾರ ನಾಡಿಯನ್ನೂ ಹಿಡಿಯುವಂತಿರಲಿಲ್ಲ. ಫೇಲಾದದ್ದೂ ಊಟದ ವಿಷಯಕ್ಕೇ. ಏನು ತಿನ್ನುತ್ತೀರೆಂದು ಪರೀಕ್ಷೆಗೆ ಕರೆತಂದಿದ್ದ ರೋಗಿಯನ್ನು ಕೇಳಿದೆ. ಆತ ಹೇಳಿದ ಒಂದು ಪದಾರ್ಥದ ಮುಖವನ್ನೂ ನಾನು ಕಂಡಿರಲಿಲ್ಲ. ಅದರಲ್ಲಿ ಉಪ್ಪೆಷ್ಟು, ಕೊಬ್ಬೆಷ್ಟು? ಗೊತ್ತಿದ್ದವಳಂತೆ ತಲೆಯಾಡಿಸಿದೆ. ಪರೀಕ್ಷಕರೂ ತಲೆಯಾಡಿಸಿದರು, ಅಡ್ಡಡ್ಡ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತದೆ ಗಾದೆ. ನಮ್ಮ ಹಳೆಯ ಪಂಡಿತರು ಪಥ್ಯ ಹೇಳದೆ ಔಷಧಿಯ ಪೊಟ್ಟಣ ಬಿಚ್ಚುತ್ತಿರಲಿಲ್ಲ. ನನಗೋ ಇಲ್ಲಿಯವರ ಊಟವೂ ಗೊತ್ತಿಲ್ಲ, ಮಾತೂ ಗೊತ್ತಿಲ್ಲ. ಯಾವ ಪುಸ್ತಕ ಓದಿ ಕಲಿಯಲಿ?

ಕೊನೆಗೆ ಕಲಿತದ್ದು ನಾವಿದ್ದ ಬಡಾವಣೆ ಟೂವಾಂಗಿನ ಸೂಪರ್‌ಮಾರ್ಕೆಟ್ಟಿನಲ್ಲಿ. ನನ್ನವರು ಕೆಲಸಕ್ಕೆ ಹೋದ ಮೇಲೆ ನಾನು, ನಮ್ಮ ಅತ್ತೆ ಸಾಮಾನು ತರಲು ಹೊರಡುತ್ತಿದ್ದೆವು. ಜನ ತಾವೇ ಕಪಾಟಿನಿಂದ ಸಾಮಾನು ತೆಗೆದುಕೊಳ್ಳುವುದನ್ನು ಮೊದಲ ಸಲ ಕಂಡ ಅತ್ತೆ ಗಾಬರಿಯಾಗಿ, “ಅಂಗಡಿಯೋನು ಎಲ್ಲೇ? ಎಲ್ಲಾ ದೋಚ್ಕೊಂಡು ಹೋಗ್ತಿದಾರಲ್ಲೇ!” ಎಂದರು. ಇಲ್ಲಿಯ ವಾಡಿಕೆಯಂತೆ ಶನಿವಾರ ಮಧ್ಯಾಹ್ನವೇ ಬೀದಿಗೆ ಬೀದಿಯೇ ಬಾಗಿಲು ಹಾಕಿದ್ದನ್ನು ಕಂಡಾಗಲಂತೂ ದನಿ ತಗ್ಗಿಸಿ ಕೇಳಿದರು: “ಯಾರು ತೀರ್ಕೊಂಡ್ರೇ, ಪಾಪ?”

ನನ್ನ ಗಾಬರಿ ಬೇರೆಯದು. ಇಲ್ಲಿ ಯಾರೂ ಯಾರ ಬುಟ್ಟಿಯನ್ನೂ ಇಣುಕುತ್ತಿರಲಿಲ್ಲ. ನಮ್ಮೂರಲ್ಲಿ ಎದುರಿಗೆ ಸಿಕ್ಕವರ ಕೈಚೀಲಕ್ಕೆ ಕಣ್ಣು ಹಾಕಿ, “ಏನು, ಹೀರೇಕಾಯಿನಾ? ಬಜ್ಜಿಗೋ ಚಟ್ನಿಗೋ?” ಎನ್ನುವುದು ಮರ್ಯಾದೆ. ಕೇಳದಿದ್ದರೆ ಮಾತು ಬಿಟ್ಟಿದ್ದಾರೆಂದೇ ಅರ್ಥ. ಇಲ್ಲಿ ತುಂಬಿದ ಗಾಡಿ ಹಿಡಿದು ಸಾಲಿನಲ್ಲಿ ನಿಂತವರೆಲ್ಲ ಸೂರು ನೋಡುತ್ತಿದ್ದರು.

ಒಂದು ದಿನ ತಡೆಯಲಾಗಲಿಲ್ಲ. ನನ್ನ ಮುಂದಿದ್ದ ಅಜ್ಜಿಯ ಗಾಡಿಯಲ್ಲಿ ಮಾಂಸದ ತುಂಡು, ಬ್ರೆಡ್ಡು, ಬಟಾಣಿ. “ಇವತ್ತು ನಿಮ್ಮ ಮನೇಲಿ ಏನಡುಗೆ?” ಎಂದು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ. ಒಳಲಂಗದ ಬಣ್ಣ ಕೇಳಿದೆನೋ ಎಂಬಂತೆ ಇಡೀ ಸಾಲು ನನ್ನತ್ತ ತಿರುಗಿತು. ಅಜ್ಜಿ ನನ್ನನ್ನೇ ದಿಟ್ಟಿಸಿ, “ನನ್ನ ಗಂಡ ಹೋದಮೇಲೆ ನನ್ನ ಯಾರೂ ಇದನ್ನ ಕೇಳಿಲ್ಲ, ಮಗೂ” ಎಂದಳು. ಆಮೇಲೆ ಶುರುವಾದ ಮಾತು ಗಲ್ಲಾಪೆಟ್ಟಿಗೆ ದಾಟಿ, ರಸ್ತೆ ದಾಟಿ, ಐರಿಸ್ ಎಂಬ ಆ ಅಜ್ಜಿಯ ಅಡುಗೆಮನೆಯಲ್ಲಿ ನಿಂತಿತು.

ನಮ್ಮ ಮನೆಗಳಲ್ಲಿ ತುಪ್ಪದ ಡಬ್ಬಿ ಇರುವ ಜಾಗದಲ್ಲಿ, ಒಲೆಯ ಪಕ್ಕ, ಅವಳದೊಂದು ಡಬ್ಬಿ. ಭಾನುವಾರ ಸುಟ್ಟ ಮಾಂಸದಿಂದ ಇಳಿದ ಕೊಬ್ಬು ಅದರಲ್ಲಿ ಹೆಪ್ಪುಗಟ್ಟಿತ್ತು. ಡ್ರಿಪ್ಪಿಂಗ್ ಎನ್ನುತ್ತಾರೆ. ಸುಟ್ಟ ಬ್ರೆಡ್ಡಿಗೆ ಅದನ್ನು ಸವರಿ, ಮೇಲೆ ಉಪ್ಪುದುರಿಸಿ ತಿಂದು ತೋರಿಸಿದಳು. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು, “ಇದನ್ನ ಹೊಟ್ಟೆಗೆ ಹಾಕ್ಕೊಳ್ತಾರೇನೇ?” ಎಂದು ಪಿಸುಗುಟ್ಟಿದರು. ನಾನೂ ದಂಗಾಗಿದ್ದೆ. ಆದರೂ ಪ್ರತಿ ವಾರ ಹೋದೆ. ಸಾಲಿನಲ್ಲಿ ನಿಂತ ಬೇರೆಯವರನ್ನೂ ಕೇಳುತ್ತಲೇ ಇದ್ದೆ. ಒಬ್ಬ ಬೈದ, ಉಳಿದವರು ಹೇಳಿದರು.

ಎರಡನೆಯ ಸಲ ಪರೀಕ್ಷೆಯಲ್ಲಿ ಸಿಕ್ಕಿದ್ದು ಹೃದಯದ ಕಾಯಿಲೆಯ ಮುದುಕ. “ನಾನೇನು ಹೆಚ್ಚು ತಿನ್ನಲ್ಲ, ಬರೀ ಟೋಸ್ಟು” ಎಂದ.

“ಮೇಲೇನು ಸವರ್ತೀರಿ?”

“ಡ್ರಿಪ್ಪಿಂಗ್. ಇನ್ನೇನು ಸವರ್ತಾರೆ?”

“ಒಲೆ ಪಕ್ಕದ ಡಬ್ಬಿಯದು ತಾನೇ? ಉಪ್ಪು ಹಾಕ್ಕೊಂಡು?”

“ನಿಂಗೆ ಹೇಗಮ್ಮ ಗೊತ್ತಾಯ್ತು!” ಎಂದು ಮುದುಕ ಎದ್ದು ಕೂತ. ಪರೀಕ್ಷಕರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು.

ಪಾಸಾದ ಸುದ್ದಿಯನ್ನು ಪ್ರಭು ಅಂಕಲ್‌ಗೆ ಫೋನಿನಲ್ಲಿ ತಿಳಿಸಿ, ಡಬ್ಬಿಯ ಕಥೆಯನ್ನೂ ಹೇಳಿದೆ. ಅವರು, “ನನ್ನ ಪೇಷೆಂಟ್ಸೂ ಅದನ್ನೇ ತಿಂತಿರಬಹುದಾ?” ಎಂದರು.

ಸರ್ಟಿಫಿಕೇಟ್ ತರಲು ಅತ್ತೆ ರೇಷ್ಮೆ ಸೀರೆ ಉಟ್ಟು ಬಂದರು. ಹಾರ, ಮೈಕು, ಭಾಷಣ ಇರುತ್ತದೆಂದು ನಂಬಿದ್ದರು. ಕಚೇರಿಯ ಹುಡುಗಿ ಚೂಯಿಂಗ್ ಗಮ್ ಅಗಿಯುತ್ತಲೇ ಲಕೋಟೆಯನ್ನು ಕೌಂಟರಿನ ಮೇಲೆ ಇತ್ತ ಸರಿಸಿದಳು. ಅತ್ತೆ ಬೆಚ್ಚಿಬಿದ್ದು, ಅದನ್ನು ನನಗಿಂತ ಮೊದಲು ಎರಡೂ ಕೈಯಲ್ಲಿ ಎತ್ತಿಕೊಂಡರು. ಕಣ್ಣಿಗೊತ್ತಿ ನನ್ನ ಕೈಗಿತ್ತರು. ಹತ್ತಿರದ ಬೆಂಚಿನ ಮೇಲೆ ಮೆಲ್ಲಗೆ ಕೂತು ಕಾಲು ಮುಂದೆ ಚಾಚಿದರು.

“ಡಾಕ್ಟ್ರೇ, ಈ ಮಂಡಿ ಹೋದ ವರ್ಷದಿಂದ ನೋಯ್ತಿದೆ. ನಿಮಗೆ ಪರವಾನಗಿ ಬರ್ಲಿ ಅಂತ ಕಾಯ್ತಿದ್ದೆ.”